ಹಳೆಯ ಪೆಟ್ರೋಲ್ ಕಾರುಗಳ ನೋಂದಣಿ ನವೀಕರಣ: ಹೊಗೆ ತಪಾಸಣೆಯಲ್ಲಿ ಅನುತ್ತೀರ್ಣವಾದಲ್ಲಿ ಇಂಧನ ಮತ್ತು ಕಾರ್ಬ್ಯುರೇಟರ್ ದೋಷಗಳನ್ನು ಗುರುತಿಸುವ ಬಗೆ

ಮೋಟಾರು ವಾಹನಗಳ ಅಧಿನಿಯಮ, 1988ರ 41ನೇ ಪ್ರಕರಣದ ಮೇರೆಗೆ ಖಾಸಗಿ ಕಾರಿನ ನೋಂದಣಿ ಪತ್ರವು 15 ವರ್ಷಗಳ ಅವಧಿಗೆ ಮಾತ್ರ ಊರ್ಜಿತವಾಗಿರುತ್ತದೆ. ಆ ಬಳಿಕ ಪ್ರತಿ ಬಾರಿ 5 ವರ್ಷಗಳ ಅವಧಿಗೆ ಅದನ್ನು ನವೀಕರಿಸಿಕೊಳ್ಳಬೇಕಾಗುತ್ತದೆ. ಇದಕ್ಕಾಗಿ ನಮೂನೆ 25ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯೊಡನೆ ಚಾಲ್ತಿಯಲ್ಲಿರುವ ವಾಯುಮಾಲಿನ್ಯ ತಪಾಸಣಾ ಪ್ರಮಾಣ ಪತ್ರ ಇರಬೇಕಾಗುತ್ತದೆ ಮತ್ತು ವಾಹನವನ್ನು ಪರಿಶೀಲನೆಗೆ ಹಾಜರುಪಡಿಸಬೇಕಾಗುತ್ತದೆ. ಕಾರ್ಬ್ಯುರೇಟರ್ ಅಳವಡಿಸಿರುವ ಹಳೆಯ ಕಾರುಗಳ ಮಾಲೀಕರಿಗೆ ತೊಡಕು ಎದುರಾಗುವುದು ಸಾಮಾನ್ಯವಾಗಿ ಈ ಹೊಗೆ ತಪಾಸಣೆಯ ಹಂತದಲ್ಲಿಯೇ.

ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಇಂಜಿನ್ನಿನ ಹಳೆಯ ಅಂಬಾಸಡರ್, 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರ ಮೊದಲ ಮಾದರಿಗಳು ಈ ವರ್ಗಕ್ಕೆ ಸೇರಿದವು. 2000ನೇ ಇಸವಿಯ ಆಸುಪಾಸಿನಲ್ಲಿ ಹೊಸ ಕಾರುಗಳಿಗೆ ವಿದ್ಯುನ್ಮಾನ ಇಂಧನ ಇಂಜೆಕ್ಷನ್ ವ್ಯವಸ್ಥೆ ಬಂದಿತು. ಆದ್ದರಿಂದ ಕಾರ್ಬ್ಯುರೇಟರ್ ಇರುವ ಕಾರುಗಳೆಲ್ಲವೂ ಈಗ ಬಹುತೇಕ ಎರಡು ದಶಕಗಳನ್ನು ದಾಟಿದವೇ ಆಗಿವೆ. ತಂದೆಯ ಕಾಲದ ಕಾರೆಂದು ಇಟ್ಟುಕೊಂಡವರೂ ಇದ್ದಾರೆ. ಬೇರೆ ಕಾರು ಕೊಳ್ಳುವ ಅನುಕೂಲವಿಲ್ಲದೆ ಅದನ್ನೇ ನೆಚ್ಚಿಕೊಂಡವರೂ ಇದ್ದಾರೆ. ತಪಾಸಣೆಯಲ್ಲಿ ಕಾರು ಅನುತ್ತೀರ್ಣವಾದ ಕೂಡಲೇ ಕಾರ್ಬ್ಯುರೇಟರ್ ಹಾಳಾಗಿದೆ ಎಂಬ ತೀರ್ಮಾನಕ್ಕೆ ಬರುವುದು ವಾಡಿಕೆ. ಗ್ಯಾರೇಜಿನಲ್ಲಿ ಕಾರ್ಬ್ಯುರೇಟರನ್ನು ಬಿಚ್ಚುವುದು ಸುಲಭ. ಏಕೆ ಬಿಚ್ಚಲಾಯಿತೆಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಸಾವಿರಾರು ರೂಪಾಯಿ ವೆಚ್ಚ ಮಾಡಿ ಕಾರ್ಬ್ಯುರೇಟರನ್ನೇ ಬದಲಾಯಿಸಿದ ನಂತರವೂ ದೋಷ ಹಾಗೆಯೇ ಉಳಿಯುವುದುಂಟು. ದೋಷವು ಇರುವ ಸ್ಥಳವನ್ನು ಮೊದಲು ಗುರುತಿಸಿ, ಆ ಬಳಿಕ ದುರಸ್ತಿಗೆ ತೊಡಗಲು ಅರ್ಜಿದಾರರಿಗೆ ನೆರವಾಗಲೆಂದು ಈ ಮಾಹಿತಿಯನ್ನು ನೀಡಲಾಗಿದೆ.

ತಪಾಸಣಾ ಚೀಟಿಯನ್ನು ಓದುವ ಕ್ರಮ

ಹೊಗೆ ತಪಾಸಣಾ ಕೇಂದ್ರದಲ್ಲಿ ನೀಡುವ ಚೀಟಿಯನ್ನು ಬಹುತೇಕ ಮಾಲೀಕರು ಉತ್ತೀರ್ಣ ಅಥವಾ ಅನುತ್ತೀರ್ಣ ಎಂಬ ಒಂದು ಪದಕ್ಕಾಗಿ ಮಾತ್ರ ನೋಡುತ್ತಾರೆ. ವಾಸ್ತವವಾಗಿ ಆ ಚೀಟಿಯಲ್ಲಿರುವ ಎರಡು ಅಂಕಿಗಳು ರೋಗಿಯ ರಕ್ತಪರೀಕ್ಷೆಯ ವರದಿಯಿದ್ದಂತೆ. ಅವನ್ನು ತಾಳೆ ನೋಡಿದರೆ ದೋಷವು ಯಾವ ದಿಕ್ಕಿನಲ್ಲಿದೆ ಎಂಬುದು ಸ್ಪ್ಯಾನರ್ ಮುಟ್ಟುವ ಮೊದಲೇ ಬಹುಮಟ್ಟಿಗೆ ತಿಳಿಯುತ್ತದೆ.

ಕೇಂದ್ರ ಮೋಟಾರು ವಾಹನಗಳ ನಿಯಮಾವಳಿ, 1989ರ 115ನೇ ನಿಯಮದಂತೆ, ಭಾರತ್ ಸ್ಟೇಜ್ 2 ಮಾನಕಗಳಿಗೆ ಮುಂಚಿನ ಪೆಟ್ರೋಲ್ ಕಾರುಗಳಲ್ಲಿ, ಇಂಜಿನ್ ನಿಂತಲ್ಲೇ ನಿಧಾನವಾಗಿ ಓಡುತ್ತಿರುವಾಗ ಕಾರ್ಬನ್ ಮಾನಾಕ್ಸೈಡ್ ಪ್ರಮಾಣವು ಶೇಕಡಾ 3.0ನ್ನೂ ಹೈಡ್ರೋಕಾರ್ಬನ್ ಪ್ರಮಾಣವು 1500 ಪಿ.ಪಿ.ಎಂ. ಅನ್ನೂ ಮೀರತಕ್ಕದ್ದಲ್ಲ. ಮೊದಲನೆಯದನ್ನು ಚೀಟಿಯಲ್ಲಿ ಸಿ.ಒ. ಎಂದೂ ಎರಡನೆಯದನ್ನು ಎಚ್.ಸಿ. ಎಂದೂ ನಮೂದಿಸಿರುತ್ತಾರೆ.

ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ 1 ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಬೇಕು. ಗಾಳಿ ಸಾಲದಾದಾಗ, ಅಂದರೆ ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾದಾಗ, ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಹೀಗಾಗಿ ಸಿ.ಒ. ಅಂಕಿ ಹೆಚ್ಚಿದ್ದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ ಅಥವಾ ಗಾಳಿಗೆ ತಡೆಯಿದೆ ಎಂದರ್ಥ. ಹೈಡ್ರೋಕಾರ್ಬನ್ ಎಂಬುದು ಉರಿಯದೆಯೇ ಹೊರಬಿದ್ದ ಪೆಟ್ರೋಲು. ಸಿ.ಒ. ಮಿತಿಯೊಳಗಿದ್ದು ಎಚ್.ಸಿ. ಮಾತ್ರ ಏರಿದ್ದರೆ ಯಾವುದೋ ಸಿಲಿಂಡರಿನಲ್ಲಿ ಉರಿಯುವಿಕೆಯೇ ತಪ್ಪುತ್ತಿದೆ. ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ ಇಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ. ಇದಕ್ಕೆ ಕಾರಣ ಪ್ಲಗ್, ಪಾಯಿಂಟ್, ಹೈಟೆನ್ಷನ್ ತಂತಿ ಮೊದಲಾದ ಕಿಡಿಯ ಭಾಗಗಳಾಗಿರಬಹುದು, ಗಾಳಿ ಹೆಚ್ಚಾಗಿ ಮಿಶ್ರಣ ತೀರಾ ತೆಳುವಾಗಿರಬಹುದು, ಅಥವಾ ವಾಲ್ವ್ ಸರಿಯಾಗಿ ಕೂರದಿರಬಹುದು.

ಉದಾಹರಣೆಗೆ, ಚೀಟಿಯಲ್ಲಿ ಸಿ.ಒ. ಶೇಕಡಾ 5.5 ಮತ್ತು ಎಚ್.ಸಿ. 700 ಎಂದಿದ್ದರೆ ಕಿಡಿ ಸರಿಯಾಗಿದೆ, ಪೆಟ್ರೋಲು ಹೆಚ್ಚಾಗಿದೆ ಎಂದು ತಿಳಿಯಬಹುದು. ಅದೇ ಸಿ.ಒ. ಶೇಕಡಾ 0.8 ಇದ್ದು ಎಚ್.ಸಿ. 2400 ಇದ್ದರೆ, ಕಾರ್ಬ್ಯುರೇಟರಿನ ಜೆಟ್ ಬದಲಾಯಿಸುವುದರಿಂದ ಪ್ರಯೋಜನವಾಗುವ ಸಂಭವ ಕಡಿಮೆ. ಎರಡೂ ಏರಿದ್ದಲ್ಲಿ, ಹೆಚ್ಚಾದ ಪೆಟ್ರೋಲಿನಿಂದ ಪ್ಲಗ್ಗುಗಳು ಮಸಿ ಹಿಡಿದು ಕಿಡಿಯೂ ತಪ್ಪುತ್ತಿರುವ ಸಂಭವವಿರುತ್ತದೆ. ಆಗ ಮೊದಲು ಪ್ಲಗ್ಗುಗಳನ್ನು ಶುಚಿಗೊಳಿಸಿ ಮತ್ತೊಮ್ಮೆ ಅಳೆಯಿಸುವುದು ಒಳ್ಳೆಯದು.

ಕಾರನ್ನು ತಪಾಸಣೆಗೆ ಒಯ್ಯುವ ಮುನ್ನ ಸುಮಾರು 10ರಿಂದ 15 ಕಿಲೋಮೀಟರ್ ಓಡಿಸಿ ಇಂಜಿನ್ ಕಾದಿರುವಂತೆ ನೋಡಿಕೊಳ್ಳುವುದು ಅಗತ್ಯ. ತಣ್ಣಗಿನ ಇಂಜಿನ್ನಿನಲ್ಲಿ ಚೋಕ್ ಎಳೆದಿರುವಾಗ ಅಳೆದರೆ ಯಾವ ಕಾರಾದರೂ ಅನುತ್ತೀರ್ಣವಾಗುತ್ತದೆ. ಸೈಲೆನ್ಸರಿನಲ್ಲಿ ತೂತಿದ್ದರೆ ಹೊರಗಿನ ಗಾಳಿ ಬೆರೆತು ಅಂಕಿಗಳು ಸುಳ್ಳಾಗಿ ಕಡಿಮೆ ಬರುತ್ತವೆ. ಇದು ಲಾಭವೆಂದು ಭಾವಿಸಬಾರದು. ಅದೇ ತೂತಿನಿಂದ ವಿಷಾನಿಲವು ಕಾರಿನ ಒಳಭಾಗಕ್ಕೂ ಸೇರಬಹುದು.

ಎಕ್ಸಾಸ್ಟಿನಿಂದ ನೀಲಿ ಛಾಯೆಯ ಹೊಗೆ ಬರುತ್ತಿದ್ದಲ್ಲಿ ಅದು ಇಂಜಿನ್ ಆಯಿಲ್ ಉರಿಯುತ್ತಿರುವ ಗುರುತು. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರುತ್ತದೆ. ಅದಕ್ಕೂ ಕಾರ್ಬ್ಯುರೇಟರಿಗೂ ಸಂಬಂಧವಿಲ್ಲ. ಕಪ್ಪು ಹೊಗೆ ಮಾತ್ರ ಪೆಟ್ರೋಲು ಹೆಚ್ಚಾಗಿರುವುದನ್ನು ತೋರಿಸುತ್ತದೆ.

ಮೊದಲು ಕಡಿಮೆ ಖರ್ಚಿನ ಬಾಬುಗಳು

ಪರಿಶೀಲನೆಯನ್ನು ಖರ್ಚು ಕಡಿಮೆಯಿರುವ ಬಾಬಿನಿಂದ ಆರಂಭಿಸುವುದು ಎಲ್ಲ ದೃಷ್ಟಿಯಿಂದಲೂ ಹಿತಕರ. ಇಂಜಿನ್ ತಣ್ಣಗಾದ ನಂತರ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಯಾವ ಸಿಲಿಂಡರಿನದು ಯಾವುದೆಂದು ತಪ್ಪದಂತೆ ಸಾಲಾಗಿ ಇಟ್ಟು ನೋಡಬೇಕು. ತುದಿಯು ತಿಳಿ ಕಂದು ಬಣ್ಣದಲ್ಲಿದ್ದರೆ ಉರಿಯುವಿಕೆ ಸರಿಯಾಗಿದೆ. ಒಣ ಕರಿ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಬಿಳಿಚಿಕೊಂಡಿದ್ದರೆ ಮಿಶ್ರಣ ತೆಳುವಾಗಿದೆ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಆ ಪ್ಲಗ್ಗಿಗೆ ಕಿಡಿ ಬರುತ್ತಿಲ್ಲ. ಜಿಡ್ಡು ಜಿಡ್ಡಾಗಿದ್ದರೆ ಆಯಿಲ್ ಮೇಲೇರುತ್ತಿದೆ. ಎಲ್ಲ ಪ್ಲಗ್ಗುಗಳೂ ಒಂದೇ ಬಣ್ಣದಲ್ಲಿದ್ದು ಕಪ್ಪಾಗಿದ್ದರೆ ಮಾತ್ರ ಕಾರ್ಬ್ಯುರೇಟರಿನತ್ತ ಸಂಶಯಪಡಬಹುದು. ಒಂದು ಮಾತ್ರ ಬೇರೆ ಬಣ್ಣದಲ್ಲಿದ್ದರೆ ದೋಷವು ಆ ಸಿಲಿಂಡರಿಗೆ ಸೀಮಿತ. ಎಲ್ಲ ಸಿಲಿಂಡರುಗಳಿಗೂ ಒಂದೇ ಕಾರ್ಬ್ಯುರೇಟರಿನಿಂದ ಮಿಶ್ರಣ ಹೋಗುವ ಕಾರಿನಲ್ಲಿ ಅದು ಒಂದಕ್ಕೆ ಮಾತ್ರ ಕೆಡುಕು ಮಾಡಲಾರದು.

ಸಿ.ಬಿ. ಪಾಯಿಂಟ್ ಇರುವ ಕಾರುಗಳಲ್ಲಿ ಪಾಯಿಂಟುಗಳು ಸುಟ್ಟು ಗುಳಿಬಿದ್ದಿವೆಯೇ, ಅವುಗಳ ಅಂತರ ತಯಾರಕರು ಸೂಚಿಸಿದಷ್ಟಿದೆಯೇ ಎಂದು ನೋಡಿಸತಕ್ಕದ್ದು. ಎಕ್ಸಿಲರೇಟರ್ ತುಳಿದಾಗ ಇಂಜಿನ್ ತಡವರಿಸುವುದು, ಕಾರ್ಬ್ಯುರೇಟರಿನ ಬಾಯಿಯಲ್ಲಿ ಪಟ್ಟೆಂದು ಶಬ್ದವಾಗುವುದು ಮುಂತಾದ, ನೋಡಲು ಕಾರ್ಬ್ಯುರೇಟರ್ ದೋಷದಂತೆಯೇ ಇರುವ ಹಲವು ತೊಂದರೆಗಳು ಪಾಯಿಂಟ್, ಕಂಡೆನ್ಸರ್ ಅಥವಾ ಟೈಮಿಂಗ್ ಸರಿಪಡಿಸಿದ ಮೇಲೆ ಮಾಯವಾಗುತ್ತವೆ.

ಎರಡನೆಯದು ಗಾಳಿ. ಧೂಳು ತುಂಬಿದ ಏರ್ ಫಿಲ್ಟರ್ ಇದ್ದರೆ ಚೋಕ್ ಎಳೆದಂತೆಯೇ ಆಗುತ್ತದೆ. ಫಿಲ್ಟರನ್ನು ತೆಗೆದು ಸಿ.ಒ. ಅಳೆಯಿಸಿದಾಗ ಅಂಕಿಯು ಗಮನಾರ್ಹವಾಗಿ ಇಳಿದರೆ ಹೊಸ ಫಿಲ್ಟರ್ ಒಂದರಿಂದಲೇ ಕೆಲಸ ಮುಗಿಯಬಹುದು. ಇದೇ ವೇಳೆ ಚೋಕ್ ಫಲಕವನ್ನೂ ನೋಡಬೇಕು. ಒಳಗಿನ ಗುಂಡಿಯನ್ನು ಪೂರ್ತಿ ಒತ್ತಿದ್ದರೂ ತುಕ್ಕು ಹಿಡಿದ ಕೇಬಲ್ಲಿನಿಂದಾಗಿ ಫಲಕವು ಅರ್ಧ ಮುಚ್ಚಿಕೊಂಡೇ ಇರುವುದು ಹಳೆಯ ಕಾರುಗಳಲ್ಲಿ ತೀರಾ ಸಾಮಾನ್ಯ. ಚೋಕ್ ಬಿಟ್ಟ ಸ್ಥಿತಿಯಲ್ಲಿ ಫಲಕವು ಗಾಳಿಯ ದಾರಿಗೆ ಅಡ್ಡವಾಗದೆ ನೆಟ್ಟಗೆ ನಿಂತಿರಬೇಕು.

ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗೆ

ಸೆಲ್ಫ್ ತಿರುಗಿಸಿದರೂ ಇಂಜಿನ್ ಚಾಲೂ ಆಗದಿದ್ದಲ್ಲಿ, ಅಥವಾ ಓಡುತ್ತಾ ಓಡುತ್ತಾ ನಿಂತುಹೋಗುತ್ತಿದ್ದಲ್ಲಿ, ಪೆಟ್ರೋಲು ಕಾರ್ಬ್ಯುರೇಟರನ್ನು ತಲುಪುತ್ತಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಇದಕ್ಕೆ ಸುಲಭ ವಿಧಾನವಿದೆ. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಏರ್ ಫಿಲ್ಟರಿನ ಮುಚ್ಚಳ ತೆಗೆದು, ಕಾರ್ಬ್ಯುರೇಟರಿನ ಗಂಟಲಿನೊಳಗೆ ಓರೆಯಿಂದ ನೋಡುತ್ತಾ ಎಕ್ಸಿಲರೇಟರ್ ಲಿಂಕನ್ನು ಕೈಯಿಂದ ಒಮ್ಮೆ ತೆರೆಯಬೇಕು. ಎಕ್ಸಿಲರೇಟರ್ ಪಂಪ್ ಇರುವ ಕಾರ್ಬ್ಯುರೇಟರುಗಳಲ್ಲಿ ಸಣ್ಣ ನಳಿಗೆಯಿಂದ ಪೆಟ್ರೋಲು ಚಿಮ್ಮುವುದು ಕಾಣುತ್ತದೆ. ಚಿಮ್ಮಿದರೆ ಫ್ಲೋಟ್ ಚೇಂಬರಿನಲ್ಲಿ ಪೆಟ್ರೋಲಿದೆ, ದೋಷವನ್ನು ಕಿಡಿಯಲ್ಲಿ ಹುಡುಕಬೇಕು. ಚಿಮ್ಮದಿದ್ದರೆ ದೋಷವು ಬಹುತೇಕ ಟ್ಯಾಂಕು, ಪೈಪು ಅಥವಾ ಪಂಪಿನ ಕಡೆಯದು. ವಾರಗಟ್ಟಲೆ ನಿಂತ ಕಾರಿನಲ್ಲಿ ಫ್ಲೋಟ್ ಚೇಂಬರಿನ ಪೆಟ್ರೋಲು ಆವಿಯಾಗಿ ಹೋಗಿರುತ್ತದೆ. ಅಂಥ ಕಾರು ಮೊದಲ ಬಾರಿಗೆ ಸ್ವಲ್ಪ ಹೊತ್ತು ಸೆಲ್ಫ್ ಬೇಡುವುದು ದೋಷವಲ್ಲ.

ಕಾರು ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿ ನಿಂತು, ಅರ್ಧ ಗಂಟೆ ಬಿಟ್ಟರೆ ತಾನಾಗಿಯೇ ಚಾಲೂ ಆಗುತ್ತಿದ್ದರೆ, ನಿಂತ ಕೂಡಲೇ ಟ್ಯಾಂಕಿನ ಮುಚ್ಚಳವನ್ನು ತೆರೆದು ನೋಡಬೇಕು. ಗಾಳಿ ಒಳಸೇರುವ ಸದ್ದು ಕೇಳಿದರೆ ಮುಚ್ಚಳದ ಅಥವಾ ಟ್ಯಾಂಕಿನ ಗಾಳಿರಂಧ್ರ ಮುಚ್ಚಿಕೊಂಡಿದೆ ಎಂದು ತಿಳಿಯಬೇಕು. ಪೆಟ್ರೋಲು ಖಾಲಿಯಾದಂತೆ ಗಾಳಿ ಒಳಬರದೆ ಟ್ಯಾಂಕಿನಲ್ಲಿ ಒತ್ತಡ ಕುಸಿಯುತ್ತದೆ, ಪಂಪು ಎಳೆಯಲಾರದೆ ಸೋಲುತ್ತದೆ. ಹಲವರು ಇಷ್ಟಕ್ಕೇ ಪಂಪು ಬದಲಾಯಿಸಿ, ನಂತರ ಕಾರ್ಬ್ಯುರೇಟರನ್ನೂ ಬದಲಾಯಿಸಿರುವುದುಂಟು. ವೆಚ್ಚವೇ ಇಲ್ಲದ ಈ ಪರೀಕ್ಷೆಯನ್ನು ಯಾರೂ ಬಿಡಬಾರದು.

ಬೇಸಿಗೆಯಲ್ಲಿ, ಅದರಲ್ಲೂ ಶಿರಾಡಿ, ಚಾರ್ಮಾಡಿ ಮುಂತಾದ ಘಟ್ಟಗಳನ್ನು ಕೆಳಗಿನ ಗೇರಿನಲ್ಲಿ ಏರುವಾಗ ಪಂಪು ಮತ್ತು ಪೈಪು ಕಾದು, ಅದರೊಳಗಿನ ಪೆಟ್ರೋಲು ಆವಿಯಾಗಿ ಹರಿವು ಕಡಿಯುವುದುಂಟು. ಇದಕ್ಕೆ ವೇಪರ್ ಲಾಕ್ ಎಂದು ಹೆಸರು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವ ಹಳೆಯ ಚಾಲಕರ ಪದ್ಧತಿ ಸರಿಯಾದದ್ದೇ. ಆದರೆ ಪದೇ ಪದೇ ಹೀಗಾಗುತ್ತಿದ್ದರೆ ಪೈಪು ಎಕ್ಸಾಸ್ಟಿಗೆ ತೀರಾ ಹತ್ತಿರ ಹಾದುಹೋಗಿದೆಯೇ, ಶಾಖ ತಡೆಯುವ ತಗಡು ಅಥವಾ ಪಂಪಿನಡಿಯ ದಪ್ಪ ಪ್ಯಾಕಿಂಗ್ ಕಳೆದುಹೋಗಿದೆಯೇ ಎಂದು ಪರಿಶೀಲಿಸಬೇಕು. ರೇಡಿಯೇಟರ್ ಕೂಡ ಇಲ್ಲಿ ಪಾಲುದಾರನಾಗಿರಬಹುದು.

ಇಂಜಿನ್ನಿನ ಕ್ಯಾಮ್ ಶಾಫ್ಟಿನಿಂದ ನಡೆಯುವ ಯಾಂತ್ರಿಕ ಪಂಪಿನೊಳಗೆ ಒಂದು ಡಯಾಫ್ರಂ ಇರುತ್ತದೆ. ಅದು ಹರಿದಾಗ ಎರಡು ರೀತಿಯಲ್ಲಿ ಗೊತ್ತಾಗುತ್ತದೆ. ಪಂಪಿನ ಹೊರಮೈಯಲ್ಲಿರುವ ಸಣ್ಣ ರಂಧ್ರದಿಂದ ಪೆಟ್ರೋಲು ತೊಟ್ಟಿಕ್ಕಬಹುದು; ಅಥವಾ ಪೆಟ್ರೋಲು ಒಳಗೇ ಇಳಿದು ಇಂಜಿನ್ ಆಯಿಲಿನೊಡನೆ ಬೆರೆಯಬಹುದು. ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ನೋಡಿದಾಗ ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರಿದ್ದರೆ ಮತ್ತು ಪೆಟ್ರೋಲಿನ ವಾಸನೆಯಿದ್ದರೆ ಇಂಜಿನ್ನನ್ನು ಚಾಲೂ ಮಾಡಲೇಬಾರದು. ತೆಳುವಾದ ಆಯಿಲ್ ಬೇರಿಂಗುಗಳನ್ನು ಕೆಡಿಸುತ್ತದೆ, ಬೆಂಕಿಯ ಅಪಾಯವೂ ಇರುತ್ತದೆ. ಪಂಪು ಸರಿಪಡಿಸಿ, ಆಯಿಲ್ ಬದಲಾಯಿಸಿದ ನಂತರವೇ ಕಾರನ್ನು ಉಪಯೋಗಿಸತಕ್ಕದ್ದು.

ಕಾರ್ಬ್ಯುರೇಟರಿನೊಳಗಿನ ದೋಷಗಳು

ಮೇಲ್ಕಂಡ ಎಲ್ಲವೂ ಸರಿಯಿದ್ದಲ್ಲಿ ಮಾತ್ರ ಕಾರ್ಬ್ಯುರೇಟರನ್ನು ಬಿಚ್ಚಿಸುವುದು ಸಮಂಜಸ. ಯಾವ ವೇಗದಲ್ಲಿ ತೊಂದರೆ ಕಾಣುತ್ತದೆ ಎಂಬುದನ್ನು ಮಾಲೀಕರು ಗಮನಿಸಿ ಮೆಕ್ಯಾನಿಕ್ಕಿಗೆ ತಿಳಿಸಿದರೆ ಅರ್ಧ ಕೆಲಸ ಆದಂತೆ. ಕಾರ್ಬ್ಯುರೇಟರಿನಲ್ಲಿ ಪ್ರತಿಯೊಂದು ಹಂತಕ್ಕೂ ಪ್ರತ್ಯೇಕ ದಾರಿಯಿರುತ್ತದೆ.

ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ ಆರಿಹೋಗುತ್ತದೆ, ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ ಎಂದಾದರೆ ಪೈಲಟ್ ಜೆಟ್ಟಿನಲ್ಲಿ ಕಸ ಸಿಕ್ಕಿರಬಹುದು ಅಥವಾ ಎಲ್ಲಿಂದಲೋ ಗಾಳಿ ಸೋರಿ ಒಳಸೇರುತ್ತಿರಬಹುದು. ಎಕ್ಸಿಲರೇಟರನ್ನು ಥಟ್ಟನೆ ತುಳಿದಾಗ ಒಂದು ಕ್ಷಣ ಉಸಿರು ಕಟ್ಟಿದಂತಾಗಿ ನಂತರ ಎಳೆಯುತ್ತಿದ್ದರೆ ಎಕ್ಸಿಲರೇಟರ್ ಪಂಪಿನ ಡಯಾಫ್ರಂ ಸವೆದಿರುತ್ತದೆ. ನಿಧಾನದಲ್ಲಿ ಸರಿಯಿದ್ದು, ವೇಗ ಹೆಚ್ಚಿದಂತೆ ಅಥವಾ ಏರಿನಲ್ಲಿ ಶಕ್ತಿ ಕುಂದಿದರೆ ಮೈನ್ ಜೆಟ್ ಅಥವಾ ಪೆಟ್ರೋಲ್ ಫಿಲ್ಟರ್ ಕಟ್ಟಿಕೊಂಡಿರಬಹುದು. ನಿಲ್ಲಿಸಿದ ಮೇಲೂ ಪೆಟ್ರೋಲಿನ ವಾಸನೆ, ಕಾರ್ಬ್ಯುರೇಟರಿನ ಮೈ ಒದ್ದೆಯಾಗಿರುವುದು, ಬಿಸಿ ಇಂಜಿನ್ ಚಾಲೂ ಆಗಲು ಸತಾಯಿಸುವುದು, ಮೈಲೇಜ್ ಒಮ್ಮೆಲೇ ಬಿದ್ದುಹೋಗುವುದು ಇವೆಲ್ಲ ಫ್ಲೋಟ್ ಚೇಂಬರ್ ತುಂಬಿ ಚೆಲ್ಲುತ್ತಿರುವುದರ ಗುರುತುಗಳು. ಸಿ.ಒ. ಅಂಕಿ ತೀರಾ ಏರಿರುವ ಕಾರುಗಳಲ್ಲಿ ವಿಶೇಷವಾಗಿ ನೋಡಬೇಕಾದುದು ಇದನ್ನೇ.

ಫ್ಲೋಟ್ ಚೇಂಬರಿನ ಕೆಲಸವು ಮನೆಯ ನೀರಿನ ತೊಟ್ಟಿಯ ಬಾಲ್ ವಾಲ್ವಿನಂತೆಯೇ. ಮಟ್ಟ ಏರಿದಾಗ ತೇಲುಗುಂಡು ಮೇಲೆದ್ದು ನೀಡಲ್ ವಾಲ್ವನ್ನು ಮುಚ್ಚುತ್ತದೆ. ವಾಲ್ವಿನ ತುದಿಯಲ್ಲಿ ಕಸ ಸಿಕ್ಕಿದರೆ, ತುದಿ ಸವೆದು ಗೆರೆ ಬಿದ್ದರೆ, ಅಥವಾ ಫ್ಲೋಟಿಗೆ ತೂತಾಗಿ ಅದು ಮುಳುಗಿದರೆ ಪೆಟ್ರೋಲು ನಿಲ್ಲದೆ ಬರುತ್ತದೆ. ಫ್ಲೋಟನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ ಒಳಗೆ ಪೆಟ್ರೋಲು ಸೇರಿದ್ದಲ್ಲಿ ಸದ್ದು ಕೇಳುತ್ತದೆ. ಹಿತ್ತಾಳೆಯ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿದರೆ ತೂತಿನಿಂದ ಗುಳ್ಳೆಗಳು ಏಳುತ್ತವೆ. ನೀಡಲ್ ವಾಲ್ವ್ ಮತ್ತು ಪ್ಯಾಕಿಂಗುಗಳ ಕಿಟ್ ಹಾಕಿಸುವುದು ಇಡೀ ಕಾರ್ಬ್ಯುರೇಟರ್ ಕೊಳ್ಳುವುದಕ್ಕಿಂತ ಬಹಳ ಅಗ್ಗ.

ಜೆಟ್ಟುಗಳನ್ನು ಸೂಜಿ ಅಥವಾ ತಂತಿಯಿಂದ ಚುಚ್ಚಿ ಶುಚಿ ಮಾಡುವುದನ್ನು ಮಾಲೀಕರು ಒಪ್ಪಬಾರದು. ಹಿತ್ತಾಳೆ ಮೆತ್ತಗಿನ ಲೋಹ. ಕೂದಲೆಳೆಯಷ್ಟು ರಂಧ್ರ ಹಿಗ್ಗಿದರೂ ಮಿಶ್ರಣ ಶಾಶ್ವತವಾಗಿ ಕೆಡುತ್ತದೆ. ಗಾಳಿಯ ಒತ್ತಡದಿಂದ ಊದಿ ಶುಚಿಗೊಳಿಸುವುದೇ ಸರಿಯಾದ ಕ್ರಮ. ಹಾಗೆಯೇ ಬೇರೆ ಕಾರಿನ ಕಾರ್ಬ್ಯುರೇಟರನ್ನು ತಂದು ಹೊಂದಿಸುವ ಅಭ್ಯಾಸವೂ ಕಂಡುಬರುತ್ತಿದೆ. ಬೋಲ್ಟುಗಳು ಕೂತ ಮಾತ್ರಕ್ಕೆ ಜೆಟ್ಟಿನ ಅಳತೆ ಇಂಜಿನ್ನಿಗೆ ಹೊಂದಿತೆಂದು ತಿಳಿಯಲಾಗದು. 800 ಸಿ.ಸಿ.ಗೂ ತಲುಪದ ಇಂಜಿನ್ನಿಗೆ ಮಾಡಿದ ಕಾರ್ಬ್ಯುರೇಟರ್ 1089 ಸಿ.ಸಿ.ಯ ಪದ್ಮಿನಿಗೆ ಸರಿಯಾದ ಲೆಕ್ಕ ಕೊಡಲಾರದು.

ಗಾಳಿಯ ಸೋರಿಕೆಯನ್ನು ಪತ್ತೆ ಹಚ್ಚಲು, ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಕಾರ್ಬ್ಯುರೇಟರಿನ ತಳದ ಗ್ಯಾಸ್ಕೆಟ್, ಮ್ಯಾನಿಫೋಲ್ಡಿನ ಸಂದುಗಳು, ಬ್ರೇಕ್ ಬೂಸ್ಟರಿನ ಮತ್ತು ಡಿಸ್ಟ್ರಿಬ್ಯೂಟರಿನ ರಬ್ಬರ್ ನಳಿಗೆಗಳು ಇವುಗಳ ಮೇಲೆ ಸ್ವಲ್ಪ ಸ್ವಲ್ಪವೇ ಸೋಪಿನ ನೀರನ್ನು ಹಚ್ಚಬೇಕು. ಕಿಡಿಯ ತಂತಿಗಳಿಗೆ ನೀರು ತಾಗದಂತೆ ನೋಡಿಕೊಳ್ಳಬೇಕು. ಸೋರುವ ಜಾಗಕ್ಕೆ ನೀರು ತಗುಲಿದಾಗ ಇಂಜಿನ್ನಿನ ಸದ್ದು ಬದಲಾಗುತ್ತದೆ. ಇದಕ್ಕೆ ಪೆಟ್ರೋಲನ್ನೋ ಉರಿಯುವ ಸ್ಪ್ರೇಯನ್ನೋ ಬಳಸುವವರಿದ್ದಾರೆ. ಬಿಸಿ ಎಕ್ಸಾಸ್ಟಿನ ಪಕ್ಕದಲ್ಲಿ ಅದು ಕೇವಲ ಹುಂಬತನ.

ಕೆಲವು ಹಳೆಯ ಅಂಬಾಸಡರುಗಳಲ್ಲಿರುವ ಎಸ್.ಯು. ಕಾರ್ಬ್ಯುರೇಟರಿನ ರಚನೆ ಬೇರೆ. ಅದರಲ್ಲಿ ಪ್ರತ್ಯೇಕ ಎಕ್ಸಿಲರೇಟರ್ ಪಂಪ್ ಇರುವುದಿಲ್ಲ. ಮೇಲಿನ ಗುಮ್ಮಟದೊಳಗಿನ ಪಿಸ್ಟನ್ ಕೈಯಿಂದ ಎತ್ತಿ ಬಿಟ್ಟಾಗ ಟಕ್ಕೆಂದು ತಳಕ್ಕೆ ಬೀಳಬೇಕು. ಗುಮ್ಮಟದ ಮೇಲ್ತುದಿಯಲ್ಲಿ ತೆಳುವಾದ ಆಯಿಲ್ ಇರಬೇಕು. ಆಯಿಲ್ ಒಣಗಿದ್ದರೆ ತುಳಿದಾಗ ತಡವರಿಸುತ್ತದೆ, ಅಷ್ಟೆ.

ಇಥೆನಾಲ್ ಮಿಶ್ರಿತ ಪೆಟ್ರೋಲಿನ ವಿಚಾರ

ಹಲವು ವರ್ಷ ತೊಂದರೆ ಕೊಡದಿದ್ದ ಕಾರು ಇತ್ತೀಚೆಗೆ ಪದೇ ಪದೇ ಕೆಡುತ್ತಿದೆ ಎಂದು ಹೇಳುವ ಮಾಲೀಕರು ಈ ಅಂಶವನ್ನು ಗಮನಿಸಬೇಕು. ದೇಶದಲ್ಲಿ ಪೆಟ್ರೋಲಿಗೆ ಶೇಕಡಾ 10ರಷ್ಟು ಇಥೆನಾಲ್ ಬೆರೆಸುವ ಗುರಿಯನ್ನು 2022ರ ಜೂನ್ ತಿಂಗಳಲ್ಲಿ ತಲುಪಲಾಯಿತು. ಶೇಕಡಾ 20 ಇಥೆನಾಲ್ ಇರುವ ಪೆಟ್ರೋಲಿನ ಮಾರಾಟವು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಉದ್ಘಾಟನೆಗೊಂಡು ಆ ಬಳಿಕ ವ್ಯಾಪಕವಾಗಿದೆ. 1990ರ ದಶಕದಲ್ಲಿ ತಯಾರಾದ ಕಾರಿನ ರಬ್ಬರ್ ನಳಿಗೆ, ಪಂಪಿನ ಡಯಾಫ್ರಂ, ಕಾರ್ಕ್ ಪ್ಯಾಕಿಂಗುಗಳನ್ನು ಇಂಥ ಇಂಧನಕ್ಕಾಗಿ ರೂಪಿಸಿರಲಿಲ್ಲ. ಅವು ಉಬ್ಬಿ ಮೆತ್ತಗಾಗಬಹುದು ಅಥವಾ ಬಿರುಕು ಬಿಡಬಹುದು.

ಇಥೆನಾಲ್ ಟ್ಯಾಂಕಿನಲ್ಲಿ ಕೂತಿದ್ದ ಹಳೆಯ ಗೋಂದಿನಂಥ ಪದರವನ್ನೂ ತುಕ್ಕನ್ನೂ ಸಡಿಲಿಸಿ ಫಿಲ್ಟರಿಗೆ ತರುತ್ತದೆ. ಅದು ನೀರನ್ನು ಹೀರುತ್ತದೆ. ನೀರು ಹೆಚ್ಚಾದಾಗ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಡನೆ ತಿಂಗಳುಗಟ್ಟಲೆ ನಿಂತ ಕಾರಿಗೆ ಈ ಅಪಾಯ ಹೆಚ್ಚು. ಫ್ಲೋಟ್ ಚೇಂಬರಿನಿಂದ ತೆಗೆದ ಪೆಟ್ರೋಲನ್ನು ಗಾಜಿನ ಲೋಟದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ತಳದಲ್ಲಿ ಬೇರೆ ಪದರ ಕಾಣುತ್ತದೆಯೇ ಎಂದು ನೋಡಬಹುದು.

ಇಥೆನಾಲ್ ಉರಿಯಲು 1 ಭಾಗಕ್ಕೆ ಸುಮಾರು 9 ಭಾಗ ಗಾಳಿ ಸಾಕು. ಹಳೆಯ ಜೆಟ್ಟಿನ ಅಳತೆಯಲ್ಲಿ ಅದನ್ನು ಉಪಯೋಗಿಸಿದಾಗ ಮಿಶ್ರಣವು ಸ್ವಲ್ಪ ತೆಳುವಾಗುತ್ತದೆ. ಸಿ.ಒ. ಅಂಕಿಯೇನೋ ಇಳಿಯುತ್ತದೆ, ಆದರೆ ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಬೆಳಗಿನ ತಣ್ಣನೆಯ ಇಂಜಿನ್ ಮುಗ್ಗರಿಸುವುದು, ಎಚ್.ಸಿ. ಏರುವುದು ಇದರ ಇನ್ನೊಂದು ಮುಖ. ಕಾರ್ಬ್ಯುರೇಟರಿಗೆ ಕೈ ಹಾಕುವ ಮುನ್ನ ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ಎಲ್ಲ ರಬ್ಬರ್ ನಳಿಗೆಗಳನ್ನು ಇಥೆನಾಲ್ ತಾಳುವ ಗುಣಮಟ್ಟದವುಗಳಿಂದ ಬದಲಾಯಿಸಿ, ಹೊಸ ಕ್ಲಿಪ್ಪು ಹಾಗೂ ಫಿಲ್ಟರ್ ಹಾಕಿಸಿಕೊಳ್ಳುವುದು ವಿವೇಕದ ವೆಚ್ಚ. ಬಿರುಕು ಬಿಟ್ಟ ಒಂದು ನಳಿಗೆಯು ಬಿಸಿ ಎಕ್ಸಾಸ್ಟಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿಸಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಮಿಶ್ರಣದ ಸ್ಕ್ರೂ ಮತ್ತು ಒಂದು ದಿನದ ಪ್ರಮಾಣ ಪತ್ರ

ತಪಾಸಣೆಯ ದಿನ ಮಿಶ್ರಣದ ಸ್ಕ್ರೂವನ್ನು ಬಿಗಿಮಾಡಿ ಸಿ.ಒ. ಇಳಿಸಿ, ಪ್ರಮಾಣ ಪತ್ರ ಕೈಸೇರಿದ ಮೇಲೆ ಮತ್ತೆ ಸಡಿಲಿಸುವ ಪರಿಪಾಠವಿದೆ. ಇದರಿಂದ ಸೋರುವ ನೀಡಲ್ ವಾಲ್ವಾಗಲಿ ಅರ್ಧ ಮುಚ್ಚಿದ ಚೋಕಾಗಲಿ ಸರಿಹೋಗುವುದಿಲ್ಲ. ಆ ಸ್ಕ್ರೂ ನಿಧಾನದ ಓಟದ ಮಿಶ್ರಣವನ್ನು ಮಾತ್ರ ನಿಯಂತ್ರಿಸುತ್ತದೆ. ರಸ್ತೆಯಲ್ಲಿ ಕಾರು ಮೊದಲಿನಂತೆಯೇ ಪೆಟ್ರೋಲು ಕುಡಿಯುತ್ತದೆ. ಆ ಖರ್ಚು ಬೀಳುವುದು ಮಾಲೀಕರ ಜೇಬಿಗೇ. ಪ್ರಮಾಣ ಪತ್ರವಿದ್ದರೂ ಮಿತಿ ಮೀರಿ ಹೊಗೆಯುಗುಳುವ ವಾಹನವನ್ನು ಪುನಃ ಪರೀಕ್ಷೆಗೆ ಒಳಪಡಿಸಲು ಅವಕಾಶವಿದೆ.

ಸರಿಯಾದ ಕ್ರಮವೆಂದರೆ ಕಿಡಿ, ಫಿಲ್ಟರ್, ಚೋಕ್, ಫ್ಲೋಟ್ ಮಟ್ಟ ಎಲ್ಲವೂ ಸರಿಯಾದ ನಂತರ, ಕಾದ ಇಂಜಿನ್ನಿನಲ್ಲಿ, ಕಟ್ಟಕಡೆಯದಾಗಿ ಈ ಸ್ಕ್ರೂವನ್ನು ಮುಟ್ಟುವುದು. ಸೋಲೆಕ್ಸ್ ಮಾದರಿಯ ಕಾರ್ಬ್ಯುರೇಟರುಗಳಲ್ಲಿ ಅದನ್ನು ಇಂಜಿನ್ ಅತಿ ಹೆಚ್ಚು ವೇಗದಲ್ಲಿ ಹದವಾಗಿ ಓಡುವವರೆಗೆ ತಿರುಗಿಸಿ, ಅಲ್ಲಿಂದ ತುಸುವೇ ಒಳಕ್ಕೆ ತಿರುಗಿಸಿ, ಐಡ್ಲಿಂಗ್ ವೇಗವನ್ನು ಬೇರೆ ಸ್ಕ್ರೂವಿನಿಂದ ಹೊಂದಿಸುತ್ತಾರೆ. ಅನಿಲ ಅಳೆಯುವ ಯಂತ್ರವನ್ನು ಜೋಡಿಸಿಕೊಂಡೇ ಮಾಡಿಸಿದರೆ ಇನ್ನೂ ಉತ್ತಮ. ಸ್ಕ್ರೂ ಎಷ್ಟು ತಿರುಗಿಸಿದರೂ ಇಂಜಿನ್ನಿನಲ್ಲಿ ಯಾವ ಬದಲಾವಣೆಯೂ ಕಾಣದಿದ್ದರೆ ಪೈಲಟ್ ಜೆಟ್ಟಿನ ದಾರಿ ಕಟ್ಟಿದೆ ಅಥವಾ ಫ್ಲೋಟ್ ಚೇಂಬರ್ ಚೆಲ್ಲುತ್ತಿದೆ ಎಂದು ತಿಳಿದು ಹಿಂದಿನ ಹಂತಕ್ಕೆ ಮರಳಬೇಕು.

ಸುರಕ್ಷತೆಯ ಬಗ್ಗೆ

ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾಗಿದ್ದು ನೆಲಮಟ್ಟದಲ್ಲಿ ಹರಡುತ್ತದೆ. ಇಂಧನದ ಪೈಪು ಬಿಚ್ಚುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿಯನ್ನು ತೆಗೆಯತಕ್ಕದ್ದು. ಬೀಡಿ, ಸಿಗರೇಟು, ಊದಿನಕಡ್ಡಿ ಹತ್ತಿರದಲ್ಲಿ ಇರಬಾರದು. ಕಾರ್ಬ್ಯುರೇಟರಿನ ಬಾಯಿಗೆ ಕೈಯಿಂದ ಪೆಟ್ರೋಲು ಸುರಿಯುತ್ತಾ ಇನ್ನೊಬ್ಬರಿಂದ ಸೆಲ್ಫ್ ಹೊಡೆಸುವುದು ರಸ್ತೆ ಬದಿಯಲ್ಲಿ ದಿನವೂ ಕಾಣುವ ದೃಶ್ಯ. ಇಂಜಿನ್ ಹಿಂದಕ್ಕೆ ಸಿಡಿದರೆ ಬೆಂಕಿ ನೇರವಾಗಿ ಮುಖಕ್ಕೆ ಬರುತ್ತದೆ. ನಳಿಗೆಗೆ ಬಾಯಿಟ್ಟು ಪೆಟ್ರೋಲು ಎಳೆಯುವುದೂ ಅಷ್ಟೇ ಅಪಾಯಕಾರಿ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಪ್ರಾಣಕ್ಕೆ ಸಂಚಕಾರ. ಹಾಗಾದಲ್ಲಿ ವಾಂತಿ ಮಾಡಿಸಲು ಯತ್ನಿಸದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿ ಟ್ಯೂನಿಂಗ್ ಮಾಡಬಾರದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ದುರಸ್ತಿಯ ನಂತರ

ಅವಧಿ ಮುಗಿಯುವ ದಿನಾಂಕಕ್ಕೆ 60 ದಿನಗಳು ಇರುವಾಗಿನಿಂದ ನವೀಕರಣದ ಅರ್ಜಿಯನ್ನು ಸಲ್ಲಿಸಬಹುದಾಗಿದೆ. ಕೊನೆಯ ವಾರದವರೆಗೆ ಕಾಯದೆ, ಈ ಅವಧಿಯ ಆರಂಭದಲ್ಲಿಯೇ ಹೊಗೆ ತಪಾಸಣೆ ಮಾಡಿಸಿದರೆ ದೋಷ ಕಂಡುಬಂದಾಗ ಬಿಡಿಭಾಗ ಹುಡುಕಲು ಸಮಯ ದೊರೆಯುತ್ತದೆ. ಪದ್ಮಿನಿಯಂತಹ ಕಾರುಗಳ ಬಿಡಿಭಾಗಗಳು ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ಅನುತ್ತೀರ್ಣವಾದ ಚೀಟಿಯನ್ನು ಬಿಸಾಡದೆ ಇಟ್ಟುಕೊಂಡು, ದುರಸ್ತಿಯ ನಂತರದ ಅಂಕಿಗಳೊಡನೆ ಹೋಲಿಸಿದರೆ ಗ್ಯಾರೇಜಿಗೆ ಕೊಟ್ಟ ಹಣಕ್ಕೆ ಕೆಲಸ ಆಗಿದೆಯೇ ಎಂಬುದು ಸ್ಪಷ್ಟವಾಗುತ್ತದೆ.

ಇಂಜಿನ್ನನ್ನೇ ಬದಲಾಯಿಸಿದ್ದಲ್ಲಿ ಅಥವಾ ಅನಿಲ ಕಿಟ್ ಅಳವಡಿಸಿದ್ದಲ್ಲಿ ಅಧಿನಿಯಮದ 52ನೇ ಪ್ರಕರಣದಂತೆ ಅದನ್ನು ನೋಂದಣಿ ಪತ್ರದಲ್ಲಿ ನಮೂದಿಸಿಕೊಂಡಿರಬೇಕು. ನಮೂದಾಗದ ಬದಲಾವಣೆಯಿರುವ ವಾಹನವು ಹೊಗೆ ತಪಾಸಣೆಯಲ್ಲಿ ಉತ್ತೀರ್ಣವಾದರೂ ನವೀಕರಣದ ಪರಿಶೀಲನೆಯಲ್ಲಿ ತೊಂದರೆಗೊಳಗಾಗುತ್ತದೆ. 15 ವರ್ಷ ಮೀರಿದ ವಾಹನಗಳ ನವೀಕರಣ ಶುಲ್ಕವನ್ನು 2022ರ ಏಪ್ರಿಲ್ 1ರಿಂದ ಹೆಚ್ಚಿಸಲಾಗಿದ್ದು, ಅನ್ವಯವಾಗುವ ಶುಲ್ಕ ಮತ್ತು ಹಸಿರು ತೆರಿಗೆಯ ಮೊತ್ತವನ್ನು ಅರ್ಜಿ ಸಲ್ಲಿಸುವ ದಿನದಂದು ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಛೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ವಾಹನವನ್ನು ಪರಿಶೀಲನೆಗೆ ತರುವಾಗ ನೋಂದಣಿ ಪತ್ರ, ವಿಮಾ ಪತ್ರ ಮತ್ತು ಚಾಲ್ತಿಯಲ್ಲಿರುವ ವಾಯುಮಾಲಿನ್ಯ ತಪಾಸಣಾ ಪ್ರಮಾಣ ಪತ್ರಗಳನ್ನು ಜೊತೆಯಲ್ಲಿ ತರಲು ಕೋರಲಾಗಿದೆ.